ಸ್ಟೀಮ್ ಡೆಕ್ ಎಲ್‌ಸಿಡಿ: ಚಾರ್ಜ್ ಎರಡು ಗಂಟೆಯೂ ನಿಲ್ಲಲ್ಲ, 64 ಜಿಬಿಯೂ ಸಾಲಲ್ಲ

ಬಿಟ್‌ಬುಟ್ಟಿ: ನನ್ನದು 64 ಜಿಬಿ ಸ್ಟೀಮ್ ಡೆಕ್, ಅಂದ್ರೆ ಕೈಯಲ್ಲಿ ಹಿಡಿದು ಆಡೋ ಗೇಮಿಂಗ್ ಕಂಪ್ಯೂಟರ್. ಭಾರಿ ಗ್ರಾಫಿಕ್ಸ್ ಇರೋ ಗೇಮ್ ಆಡಿದ್ರೆ ಒಂದೂ ಮುಕ್ಕಾಲು ಗಂಟೆಗೇ ಚಾರ್ಜ್ ಖಾಲಿ. ಬ್ಯಾಟರಿ ಕೆಟ್ಟಿದೆಯಾ? ಜೊತೆಗೆ, ಒಳಗಿನ ಸ್ಟೋರೇಜ್ ತೆಗೆದು ದೊಡ್ಡ ಎಸ್‌ಎಸ್‌ಡಿ (ವೇಗದ ಸ್ಟೋರೇಜ್ ಡ್ರೈವ್) ಹಾಕಬಹುದಾ?

ವ್ಯಾಟ್‌ಲೆಕ್ಕ: ಬ್ಯಾಟರಿ ಸರಿಯಾಗೇ ಇದೆ. ಅದರ ಸಾಮರ್ಥ್ಯ 40 ವ್ಯಾಟ್-ಅವರ್. ಚಿಪ್ ಒಂದೇ 15 ವ್ಯಾಟ್ ಎಳೆಯುತ್ತೆ. ಸ್ಕ್ರೀನ್, ರ‍್ಯಾಮ್, ಫ್ಯಾನ್, ವೈಫೈ ಸೇರಿದ್ರೆ 23-24 ಆಗುತ್ತೆ. ಭಾಗಿಸಿ ನೋಡಿ, ಅಷ್ಟೇ ಹೊತ್ತು ಬರೋದು.

ಮೂರು ಚುಕ್ಕೆಯ ಬಟನ್ ಒತ್ತಿ, ಪರ್ಫಾರ್ಮೆನ್ಸ್ ಮೆನುವಿನಲ್ಲಿ ಆ ಗೇಮ್‌ಗೆ ಮಾತ್ರ ಪ್ರೊಫೈಲ್ ಆನ್ ಮಾಡಿ. ಫ್ರೇಮ್ ಮಿತಿ (ಗೇಮ್ ಸೆಕೆಂಡಿಗೆ ಬಿಡಿಸೋ ಚಿತ್ರಗಳು) 40, ರಿಫ್ರೆಶ್ (ಸ್ಕ್ರೀನ್ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತೆ ಅನ್ನೋದು) 40 ಹರ್ಟ್ಸ್ ಇಡಿ. 30ರಲ್ಲಿ ಒಂದು ಫ್ರೇಮ್‌ಗೆ 33.3 ಮಿಲಿಸೆಕೆಂಡ್, 60ರಲ್ಲಿ 16.7. 40ರಲ್ಲಿ 25, ಅಂದ್ರೆ ಸರಿಯಾಗಿ ನಡುವೆ. ಹಾಗಾಗಿ ಕೈಗೆ ಸಿಗೋ ಸ್ಪಂದನೆ 30ಕ್ಕಿಂತ ಎಷ್ಟೋ ಮೇಲು. ಆಮೇಲೆ ಟಿಡಿಪಿ (ಚಿಪ್ ಎಳೆಯೋ ಪವರ್) ಮಿತಿಯನ್ನ 15ರಿಂದ ಒಂದೊಂದೇ ವ್ಯಾಟ್ ಇಳಿಸ್ತಾ ಬನ್ನಿ. ಆಟ ತಡವರಿಸಿದ ಕಡೆ ನಿಲ್ಲಿಸಿ, ಒಂದೆರಡು ವ್ಯಾಟ್ ಏರಿಸಿ.

ಫ್ರೇಮ್‌ಗೀಟು: ಒಂದು ಎಚ್ಚರಿಕೆ. ಟಿಡಿಪಿ ಇಳಿಸುವಾಗ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಅಂಕಿ ನಂಬಬೇಡಿ, ಫ್ರೇಮ್‌ಟೈಮ್ (ಒಂದೊಂದು ಫ್ರೇಮ್‌ಗೆ ಹಿಡಿದ ಸಮಯ) ಗ್ರಾಫ್ ನೋಡಿ. ಸಿಪಿಯು, ಜಿಪಿಯು ಎರಡೂ ಒಂದೇ ಪವರ್ ಹಂಚಿಕೊಳ್ಳೋದು. ಜನಜಂಗುಳಿ ಇರೋ ದೃಶ್ಯ ಬಂದ ತಕ್ಷಣ ಗೀಟು ಕುಣಿಯೋಕೆ ಶುರು. ಖಾಲಿ ಕೋಣೆಯಲ್ಲಿ ನಿಂತು ಟ್ಯೂನ್ ಮಾಡಿದ್ರೆ ಪ್ರಯೋಜನ ಇಲ್ಲ.

ತಿರುಪುಮೊಳೆ: ಎಸ್‌ಎಸ್‌ಡಿ ಹಾಕಬಹುದು. 64 ಜಿಬಿ ಮಾಡೆಲ್‌ನ ಇಎಂಎಂಸಿ (ಈಗಿರೋ ನಿಧಾನದ ಸ್ಟೋರೇಜ್) ಕೂಡ ಡ್ರೈವ್ ಬದಲಿಸಬಹುದಾದ ಎಂ.2 ಸ್ಲಾಟ್‌ನಲ್ಲೇ ಕೂತಿದೆ. 2230 ಅಳತೆಯ (22 ಮಿ.ಮೀ. ಅಗಲ, 30 ಮಿ.ಮೀ. ಉದ್ದ) ಎನ್‌ವಿಎಂಇ ಎಸ್‌ಎಸ್‌ಡಿ ಮಾತ್ರ ತಗೊಳ್ಳಿ. ಇನ್ನೂ ಉದ್ದದ 2242 ತುರುಕೋ ಸಾಹಸ ಬೇಡ, ಶಾಖದ ವ್ಯವಸ್ಥೆ ಹಾಳಾಗುತ್ತೆ.

ಮೊದಲು ಮೈಕ್ರೊಎಸ್‌ಡಿ ಕಾರ್ಡ್ ಹೊರಗೆ ತೆಗೀರಿ. ಹೆಚ್ಚಿನವರು ಮರೆಯೋದು ಇದನ್ನೇ, ಕವರ್ ಎಬ್ಬಿಸುವಾಗ ಕಾರ್ಡ್ ಪಟ್ ಅಂತ ಎರಡು ತುಂಡು. ಬಯೋಸ್‌ನಲ್ಲಿ (ಡೆಕ್‌ನ ಮೂಲ ಸೆಟ್ಟಿಂಗ್ಸ್ ಮೆನು) ಬ್ಯಾಟರಿ ಸ್ಟೋರೇಜ್ ಮೋಡ್ ಆನ್ ಮಾಡಿ. ಹಿಂಬದಿ ಎಂಟು ಸ್ಕ್ರೂ, ನಾಲ್ಕು ಉದ್ದ, ನಾಲ್ಕು ಗಿಡ್ಡ, ಅದಲುಬದಲು ಮಾಡಬೇಡಿ. ಒಳಗಿನ ಲೋಹದ ಕವಚಕ್ಕೆ ಮೂರು ಸ್ಕ್ರೂ, ಒಂದು ಫಾಯಿಲ್ ಟೇಪ್ ಕೆಳಗೆ ಅಡಗಿದೆ. ಅದು ಕಾಣದೆ ಕವಚ ಎಳೆದಾಡಿ ಬಗ್ಗಿಸೋರು ಕಮ್ಮಿ ಇಲ್ಲ. ಬ್ಯಾಟರಿ ಕನೆಕ್ಟರ್ ಬಿಡಿಸಿದ ಮೇಲೇ ಡ್ರೈವ್ ಮುಟ್ಟಿ. ಹಳೇದರ ಮೇಲಿನ ಫಾಯಿಲ್ ಚೀಲವನ್ನ ಹೊಸದಕ್ಕೆ ತೊಡಿಸಿ.

ಕನಿಷ್ಠ 8 ಜಿಬಿ ಯುಎಸ್‌ಬಿಗೆ ರಿಕವರಿ ಇಮೇಜ್ (ಹೊಸ ಡ್ರೈವ್‌ಗೆ ಸಿಸ್ಟಮ್ ಹಾಕೋ ಫೈಲ್) ಬರೆದಿಟ್ಟಿರಿ. ಜೋಡಿಸಿ ಮುಗಿದ ಮೇಲೆ ಚಾರ್ಜರ್ ಚುಚ್ಚಿ, ಇಲ್ಲದಿದ್ರೆ ಸ್ಟೋರೇಜ್ ಮೋಡ್‌ನಿಂದ ಏಳಲ್ಲ.

ಬಿಟ್‌ಬುಟ್ಟಿ: ಯುಎಸ್‌ಬಿಯಿಂದ ಬೂಟ್ ಮಾಡೋದು ಹೇಗೆ?

ತಿರುಪುಮೊಳೆ: ಆಫ್ ಇದ್ದಾಗ ವಾಲ್ಯೂಮ್ ಡೌನ್ ಹಿಡಿದು ಪವರ್ ಒತ್ತಿ, ಸದ್ದು ಕೇಳಿದ ಮೇಲೆ ವಾಲ್ಯೂಮ್ ಬಿಡಿ.