ಸಂಡೇ ಸ್ಕೂಲ್, ವಿಬಿಎಸ್, ಯುವಜನ ಕೂಟ: ನಿಮ್ಮ ಪ್ರಶ್ನೆಗಳಿಗೆ ಸಮಾಜ ಕಾರ್ಯಕರ್ತೆಯ ಉತ್ತರ

ಅಡ್ಮಿನ್: ಕ್ರೈಸ್ತ ಸಭೆಗಳಲ್ಲಿ ಮಕ್ಕಳ ಸೇವೆ ಮಾಡುವವರ ಪ್ರಶ್ನೆಗಳಿಗೆ ಈ ವಾರ ಉತ್ತರಿಸುತ್ತಿರುವವರು ಮಕ್ಕಳ ರಕ್ಷಣೆಯ ಕ್ಷೇತ್ರದಲ್ಲಿರುವ, ಸಂಡೇ ಸ್ಕೂಲ್ ಶಿಕ್ಷಕರಿಗೆ ತರಬೇತಿ ಕೊಡುವ ನಮ್ಮ ಅಕ್ಕ. ದಯವಿಟ್ಟು ಯಾವ ಮಗುವಿನ ಹೆಸರು, ಊರನ್ನೂ ಬರೆಯಬೇಡಿ.

ಪ್ರಶ್ನೆ (ಹೆಸರು ಬೇಡ ಎಂದಿದ್ದಾರೆ): ಅಕ್ಕ, ವಿಬಿಎಸ್‌ನಲ್ಲಿ (ರಜೆಯಲ್ಲಿ ಮಕ್ಕಳಿಗೆ ನಡೆಸುವ ಬೈಬಲ್ ಶಾಲೆ) ಚಿಕ್ಕ ಹುಡುಗಿಯೊಬ್ಬಳು ತನ್ನ ಸಂಬಂಧಿಕರೊಬ್ಬರು ಕೆಟ್ಟದಾಗಿ ಮೈ ಮುಟ್ಟುತ್ತಾರೆ ಅಂದಳು. "ಯಾರಿಗೂ ಹೇಳಬೇಡಿ ಮಿಸ್" ಅಂತ ಅತ್ತಳು. ಹಿರಿಯರಿಗೆ ತಿಳಿಸಿದೆ. ಮನೆಯವರನ್ನು ಕರೆಸಿ, ಪ್ರಾರ್ಥನೆ ಮಾಡಿ ಸರಿಪಡಿಸೋಣ, ಸಭೆಯ ಹೆಸರು ಹಾಳಾಗಬಾರದು ಅಂದರು. ನಾನೇನು ಮಾಡಲಿ?

ಉತ್ತರ: ಇವತ್ತೇ ಪೊಲೀಸರಿಗೆ ತಿಳಿಸಿ. ಒಬ್ಬಳೇ ಹೋಗಲು ಭಯವಾದರೆ ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ದಾರಿ ತೋರಿಸುತ್ತಾರೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಇಂಥ ವಿಷಯ ಗೊತ್ತಾದ ಯಾರೇ ಆಗಲಿ ಸ್ಥಳೀಯ ಪೊಲೀಸರಿಗೆ ಅಥವಾ ಮಕ್ಕಳ ವಿಶೇಷ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ಸುಮ್ಮನಿದ್ದರೆ ಆರು ತಿಂಗಳವರೆಗೆ ಜೈಲು, ದಂಡ, ಅಥವಾ ಎರಡೂ. ನಿಜವೋ ಸುಳ್ಳೋ ಎಂದು ಪತ್ತೆ ಮಾಡುವುದು ನಿಮ್ಮ ಕೆಲಸವೂ ಅಲ್ಲ, ಹಿರಿಯರ ಕೆಲಸವೂ ಅಲ್ಲ. ಒಳ್ಳೆಯ ಮನಸ್ಸಿನಿಂದ ಮಾಹಿತಿ ಕೊಟ್ಟವರ ಮೇಲೆ ಕೇಸು ಹಾಕುವಂತಿಲ್ಲ ಎಂದೂ ಅದೇ ಸೆಕ್ಷನ್‌ನಲ್ಲಿದೆ.

ಮನೆಯವರನ್ನು ಕರೆಸುವುದು ಯಾಕೆ ಅಪಾಯ ಅಂದರೆ, ಆ ಸಂಬಂಧಿಕರೂ ಮನೆಯವರೇ. ಸುದ್ದಿ ಅವರ ಕಿವಿಗೆ ಬಿದ್ದ ರಾತ್ರಿಯೇ ಮಗುವಿನ ಬಾಯಿ ಮುಚ್ಚಿಸಿಬಿಡುತ್ತಾರೆ. ಮರುದಿನ ಅವಳು "ಹಾಗೇನೂ ಆಗಿಲ್ಲ ಮಿಸ್" ಅನ್ನುತ್ತಾಳೆ. ಎಲ್ಲರೂ ಪ್ರಾರ್ಥನೆಗೆ ಉತ್ತರ ಸಿಕ್ಕಿತು ಅಂದುಕೊಳ್ಳುತ್ತಾರೆ.

ಹುಡುಗಿಗೆ "ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬೇಡಿ. "ನೀನು ಹೇಳಿದ್ದು ಒಳ್ಳೆಯದಾಯ್ತು, ತಪ್ಪು ನಿನ್ನದಲ್ಲ, ನಿನಗೆ ಸಹಾಯ ಮಾಡಬಲ್ಲವರಿಗೆ ಮಾತ್ರ ತಿಳಿಸ್ತೀನಿ" ಅನ್ನಿ. ಅವಳು ಆಡಿದ ಮಾತನ್ನು ಅವಳದೇ ಪದಗಳಲ್ಲಿ, ದಿನಾಂಕ ಹಾಕಿ ಬರೆದಿಡಿ. ಮತ್ತೆ ಮತ್ತೆ ಕೆದಕಿ ಕೇಳಬೇಡಿ. ಹೇಳಿಕೆ ತೆಗೆದುಕೊಳ್ಳಲು ಪೊಲೀಸರೇ ಅವಳ ಮನೆಗೋ ಅವಳಿಗೆ ಇಷ್ಟವಾದ ಜಾಗಕ್ಕೋ ಬರಬೇಕು. ಸಮವಸ್ತ್ರ ಹಾಕಿರಬಾರದು, ಆದಷ್ಟು ಮಹಿಳಾ ಅಧಿಕಾರಿಯೇ ಇರಬೇಕು. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ತಿಳಿಸಬೇಕು. ಅವಳು ಆ ಮನೆಯಲ್ಲೇ ಇರಬೇಕೇ ಬೇಡವೇ ಎಂದು ನೋಡುವುದು ಆ ಸಮಿತಿ.

ಪ್ರತಿಕ್ರಿಯೆ (ಸಭೆಯ ಹಿರಿಯರೊಬ್ಬರು): ಸಿಸ್ಟರ್, ಕಾನೂನು ಸರಿ. ಆದರೆ ಬೈಬಲಿನ ಮತ್ತಾಯ 18ನೇ ಅಧ್ಯಾಯದಲ್ಲಿ, ಸಹೋದರನು ತಪ್ಪು ಮಾಡಿದರೆ ಮೊದಲು ಅವನೊಬ್ಬನ ಹತ್ತಿರವೇ ಮಾತಾಡು ಅಂತ ಇದೆಯಲ್ಲ?

ಉತ್ತರ: ಇದೆ ಬ್ರದರ್, 15ನೇ ವಚನ. ಅದು ನನಗೂ ನಿಮಗೂ ಮನಸ್ತಾಪ ಬಂದರೆ ಮಾಡಬೇಕಾದ್ದು. ಮಗು ಹೋಗಿ ಆ ದೊಡ್ಡ ಮನುಷ್ಯನ ಎದುರು ಒಂಟಿಯಾಗಿ ಕೂರಬೇಕು ಅಂತೀರಾ? ಅದೇ ಅಧ್ಯಾಯದ 6ನೇ ವಚನವನ್ನೂ ಓದಿ, ಇಂಥ ಚಿಕ್ಕವರನ್ನು ಎಡವಿಸುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರದಲ್ಲಿ ಮುಳುಗಿಸುವುದೇ ಮೇಲು ಎನ್ನುವುದು. ಯೇಸು ಅಲ್ಲಿ ಮಗುವೊಂದನ್ನು ನಡುವೆ ನಿಲ್ಲಿಸಿಕೊಂಡೇ ಮಾತಾಡುತ್ತಿದ್ದದ್ದು. ಇನ್ನೊಂದು ಮಾತು, ಸಂಸ್ಥೆಯ ಹೊಣೆ ಹೊತ್ತವರು ತಮ್ಮ ಕೈಕೆಳಗಿನವರ ಇಂಥ ಅಪರಾಧವನ್ನು ಮುಚ್ಚಿಟ್ಟರೆ ಶಿಕ್ಷೆ ಒಂದು ವರ್ಷದವರೆಗೂ ಹೋಗುತ್ತದೆ. ಕಮಿಟಿಯವರಿಗೆಲ್ಲ ತಿಳಿಸಿ.

ಪ್ರಶ್ನೆ (ಬೆಟಗೇರಿಯಿಂದ): ಅಕ್ಕಾರ, ನಮಸ್ಕಾರ್ರಿ. ನಮ್ಮ ಸಭಾದಾಗ ದೃಢೀಕರಣ (ಹುಡುಗ್ರು ತಮ್ಮ ನಂಬಿಕಿ ತಾವೇ ಒಪ್ಪಿಕೊಳ್ಳೂ ವಿಧಿ) ಆದ ಮ್ಯಾಲ ಹುಡುಗ್ರು ಕಾಣಂಗಿಲ್ರಿ. ಯುವಜನ ಕೂಟಕ್ಕ ಬರ್ರಿ ಅಂದ್ರ ಕ್ರಿಕೆಟ್ ಐತಿ, ಟ್ಯೂಷನ್ ಐತಿ ಅಂತಾರ. ಗಿಟಾರ್, ಪ್ರೊಜೆಕ್ಟರ್ ಎಲ್ಲಾ ತಂದೇವಿ. ಇನ್ನೇನು ಮಾಡೂಣ್ರಿ?

ಉತ್ತರ: ಗಿಟಾರ್ ಇರಲಿ ಬಿಡ್ರಿ. ಕೂಟದ ದುಡ್ಡಿನ ಲೆಕ್ಕ ಯಾರ ಕೈಲಿದೆ? ಯಾವ ಭಾನುವಾರ ಏನು ಅಂತ ತೀರ್ಮಾನ ಮಾಡುವವರು ಯಾರು? ಐವತ್ತು ದಾಟಿದವರೇ ಆಗಿದ್ದರೆ ಹುಡುಗರು ಬರೋದು ಬರೀ ಕುರ್ಚಿ ಜೋಡಿಸೋಕೆ. ಲೆಕ್ಕದ ಪುಸ್ತಕ ಅವರ ಕೈಗೆ ಕೊಡಿ. ತಪ್ಪು ಮಾಡ್ತಾರೆ, ತಿದ್ದಿಕೊಳ್ತಾರೆ.

ಇದಕ್ಕಿಂತ ದೊಡ್ಡ ಕಾರಣ ಬೇರೆಯೇ ಇರಬಹುದು. ಆ ವಯಸ್ಸಿನ ಹುಡುಗನ ತಲೆಯಲ್ಲಿರುವುದು ಎಸ್‌ಎಸ್‌ಎಲ್‌ಸಿ, ಕೆಲಸ, ಮನೆಯ ಸಾಲ. ಅದರ ಬಗ್ಗೆ ಸಭೆ ಬಾಯಿ ಬಿಡದಿದ್ದರೆ ಅವನಾದರೂ ಯಾಕೆ ಬಂದಾನು? ಇಟಲಿಯ ಟುರಿನ್‌ನಲ್ಲಿ 1841ರಲ್ಲಿ ಬಡ ಹುಡುಗರ ಸೇವೆ ಶುರು ಮಾಡಿದ ಕ್ಯಾಥೊಲಿಕ್ ಪಾದ್ರಿ ಡಾನ್ ಬಾಸ್ಕೊ ಅವರು ಪಾಠ, ಆಟ, ಪ್ರಾರ್ಥನೆಗೇ ನಿಲ್ಲಿಸಲಿಲ್ಲ. 1850ರ ದಶಕದ ಆರಂಭದಲ್ಲೇ ಕೆಲಸ ಕಲಿಸುವ ಮಾಲೀಕರ ಜೊತೆ ಹುಡುಗರ ಪರವಾಗಿ ಕರಾರು ಪತ್ರ ಬರೆಸುತ್ತಿದ್ದರು. ಕಸುಬಿಗೆ ಸಂಬಂಧವಿಲ್ಲದ ಚಾಕರಿ ಮಾಡಿಸಬಾರದು, ತಪ್ಪಾದರೆ ಬಾಯಿಮಾತಿನಲ್ಲೇ ತಿದ್ದಬೇಕು, ವರ್ಷಕ್ಕೆ ಇಷ್ಟು ದಿನ ರಜೆ ಕೊಡಬೇಕು ಅಂತೆಲ್ಲ ಅದರಲ್ಲಿ ಇರುತ್ತಿತ್ತು. ನನಗೆ ಅವರ ಎಲ್ಲ ಉಪದೇಶಕ್ಕಿಂತ ಈ ಕರಾರು ಪತ್ರಗಳೇ ಇಷ್ಟ.

ನೀವು ಮಾಡಬಹುದಾದ್ದು ಹೇಳ್ತೀನಿ. ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನದ ಅರ್ಜಿ ತೆರೆದಾಗ ಆರಾಧನೆ ಮುಗಿದ ಮೇಲೆ ಲ್ಯಾಪ್‌ಟಾಪ್ ಹಿಡಿದು ಕೂತುಕೊಳ್ಳಿ. ಜಾತಿ, ಆದಾಯ ಪ್ರಮಾಣಪತ್ರ ತರಲು ಮುಂಚೆಯೇ ಹೇಳಿ. ಸಿಇಟಿ ಬರೆದವರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಶಿಕ್ಷಣ ಸಾಲ ಯೋಜನೆಯ ವಿಷಯ ತಿಳಿಸಿ. ಫೇಲಾದವರನ್ನು ಐಟಿಐ ತೋರಿಸೋಕೆ ಕರ್ಕೊಂಡು ಹೋಗಿ. ಸಭೆಯಲ್ಲೇ ಎಲೆಕ್ಟ್ರಿಷಿಯನ್, ನರ್ಸ್, ಬ್ಯಾಂಕಿನವರು ಇರ್ತಾರಲ್ಲ, ಒಬ್ಬೊಬ್ಬರು ಒಂದೊಂದು ಹುಡುಗ, ಹುಡುಗಿಯ ಬೆನ್ನಿಗೆ ನಿಲ್ಲಲಿ.

ಪ್ರಶ್ನೆ (ಕೊಳ್ಳೇಗಾಲ ಕಡೆಯಿಂದ): ಮೇಡಂ, ತಂದೆ ತಾಯಿ ಇಲ್ಲದ ಏಳೆಂಟು ಮಕ್ಕಳನ್ನು ಬಾಡಿಗೆ ಮನೇಲಿ ಇಟ್ಕೊಂಡು ಓದಿಸಬೇಕು ಅಂತಿದ್ದೀವಿ. ಹಾಸ್ಟೆಲ್ ಅಂತ ಬೋರ್ಡ್ ಹಾಕಿದ್ರೆ ಪರ್ಮಿಷನ್ ಬೇಡ ಅಂತಾರೆ. ನಿಜಾನಾ?

ಉತ್ತರ: ಬೋರ್ಡ್ ಮೇಲೆ ಏನೇ ಬರೆಸಿ, ಒಳಗಿರುವ ಮಕ್ಕಳು ರಕ್ಷಣೆ, ಪೋಷಣೆ ಬೇಕಾದವರಾದರೆ 2015ರ ಬಾಲನ್ಯಾಯ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ನೋಂದಣಿ ಆಗಲೇಬೇಕು. ಮಕ್ಕಳು ಬರಬೇಕಾದ್ದು ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ. ನೋಂದಣಿ ಇಲ್ಲದೆ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಅಥವಾ ಕನಿಷ್ಠ ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಇದಕ್ಕೆ ಮೊದಲು ಆ ಮಕ್ಕಳಿಗೆ ಅಜ್ಜಿಯೋ ಚಿಕ್ಕಪ್ಪನೋ ಇದ್ದಾರಾ ವಿಚಾರಿಸಿ. ಮಕ್ಕಳನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಎಂದು ಕಾಯ್ದೆಯೇ ಹೇಳುತ್ತದೆ. ಬಾಡಿಗೆಗೆ ಇಟ್ಟ ದುಡ್ಡಲ್ಲಿ ಅಜ್ಜಿ ಮನೆಗೆ ಪ್ರತಿ ತಿಂಗಳು ರೇಷನ್, ಮಕ್ಕಳಿಗೆ ಫೀಸು, ಬಸ್ ಪಾಸು ಆಗುತ್ತೆ. ದಾನಿಗಳಿಗೆ ಕಳಿಸೋಕೆ ಗ್ರೂಪ್ ಫೋಟೋ ಸಿಗಲ್ಲ, ಅಷ್ಟೇ.

ಪ್ರಶ್ನೆ (ಉಡುಪಿಯಿಂದ): ಚರ್ಚಿನ ಹಾಲ್‌ನಲ್ಲಿ ಸಂಜೆ ಟ್ಯೂಷನ್ ಕೊಡ್ತೇವೆ. ಬೇರೆ ಧರ್ಮದ ಮಕ್ಕಳೂ ಬರ್ತಾರೆ. ಪ್ರಾರ್ಥನೆ ಮಾಡಿ ಶುರು ಮಾಡಬಹುದಾ?

ಉತ್ತರ: ಬೇಡ. ಟ್ಯೂಷನ್ ಅಂತ ಹೇಳಿ ಕರೆದ ಮೇಲೆ ಅಲ್ಲಿ ಗಣಿತ, ಇಂಗ್ಲಿಷ್ ಮಾತ್ರ ಇರಲಿ. ಅಪ್ಪ ಅಮ್ಮನ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. ಮತ್ತೆ, ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು.

ಅದೇ ಪ್ರಶ್ನೆಯವರು: ಕೆಲವು ದಿನ ನಾನೊಬ್ಬನೇ ಇರ್ತೇನೆ ಅಕ್ಕ. ಆಗ?

ಉತ್ತರ: ಆವತ್ತು ಹಾಲ್ ಬೀಗ ತೆಗೆಯಬೇಡಿ. ರಸ್ತೆಗೆ ಕಾಣುವ ಹಾಗೆ ಹೊರಗೆ ಜಗಲಿಯ ಮೇಲೆ ಚಾಪೆ ಹಾಸಿ ಪಾಠ ಮಾಡಿ. ಮಳೆ ಬಂದರೆ ಅಪ್ಪ ಅಮ್ಮನಿಗೆ ಫೋನ್ ಮಾಡಿ ಮಕ್ಕಳನ್ನು ಮನೆಗೆ ಕಳಿಸಿ.