ಗೋ ಆಟದಲ್ಲಿ 15ನೇ ಕ್ಯೂ ದಾಟಲು ಹೇಗೆ ಅಭ್ಯಾಸ ಮಾಡಿದಿರಿ?

ಬಾಗಲಕೋಟೆಯಿಂದ ಪ್ರಶ್ನೆ: ಗೆರೆ ಹಾಕಿದ ಹಲಗೆಯ ಮೇಲೆ ಕಪ್ಪು ಬಿಳಿ ಕಲ್ಲುಗಳನ್ನಿಟ್ಟು ಜಾಗ ಹಿಡಿಯುವ ಗೋ ಆಟವನ್ನು ಒಂದು ವರ್ಷದಿಂದ ಆಡುತ್ತಿದ್ದರೂ 15ನೇ ಕ್ಯೂ ದರ್ಜೆಯಲ್ಲೇ (ಕ್ಯೂ ಎಂದರೆ ಕಲಿಯುವವರ ದರ್ಜೆ; ಅಂಕಿ ಇಳಿದಷ್ಟೂ ಆಟ ಮೇಲು) ನಿಂತಿದ್ದೇನೆ. ಮೂಲೆಯ ಸಿದ್ಧ ನಡೆಗಳಾದ ಜೋಸೆಕಿಗಳನ್ನು ಬಾಯಿಪಾಠ ಮಾಡಿದ್ದರಿಂದ ಫಲ ಸಿಕ್ಕಿಲ್ಲ. ಮುಂದೆ ಬಂದವರು ತಮ್ಮ ಅಭ್ಯಾಸಕ್ರಮವನ್ನು ದಯವಿಟ್ಟು ತಿಳಿಸಬೇಕು.

ಬೆಳಗಾವಿಯಿಂದ: ನಾನೂ ಜೋಸೆಕಿಯಿಂದಲೇ ಆರಂಭಿಸಿ ಎಡವಿದವನು. ನಡೆಗಳ ಹಿಂದಿನ ಕಾರಣ ತಿಳಿಯದೆ ಕಂಠಪಾಠ ಮಾಡಿದ್ದರಿಂದ, ಎದುರಾಳಿ ಕ್ರಮ ಬಿಟ್ಟು ಒಂದು ಕಲ್ಲು ಇಟ್ಟ ಕೂಡಲೇ ನನ್ನ ವಿದ್ಯೆ ಮುಗಿದುಹೋಗುತ್ತಿತ್ತು. ನನ್ನ ದರ್ಜೆ ಏರಿದ್ದು ತ್ಸುಮೆಗೊದಿಂದ, ಅಂದರೆ ಎದುರಾಳಿ ಸುತ್ತುವರಿದ ಕಲ್ಲುಗಳ ಗುಂಪು ಎರಡು ಕಣ್ಣು (ತನ್ನ ಕಲ್ಲುಗಳ ನಡುವಿನ ಖಾಲಿ ಜಾಗ) ಮಾಡಿಕೊಂಡು ಬದುಕುವುದೋ ಸಾಯುವುದೋ ಎಂಬ ಲೆಕ್ಕಗಳಿಂದ. ಕಠಿಣ ಲೆಕ್ಕಗಳ ಗೊಡವೆಗೆ ಹೋಗದೆ, ಬೆಳಗಿನ ಚಹಾ ಆರುವುದರೊಳಗೆ ಮುಗಿಯುವಂಥ ಹತ್ತು ಸುಲಭ ಲೆಕ್ಕಗಳನ್ನು ಕಲ್ಲು ಮುಟ್ಟದೆ ಮನಸ್ಸಿನಲ್ಲೇ ಕೊನೆಯವರೆಗೆ ಬಿಡಿಸಿ, ಆಮೇಲೆ ಮಾತ್ರ ಉತ್ತರ ನೋಡುತ್ತಿದ್ದೆ. ಕೆಲವು ಆಕಾರಗಳು ಹೀಗೆಯೇ ಕಣ್ಣಿಗೆ ಕೂತವು: ಗುಂಪಿನೊಳಗೆ ಸಾಲಾಗಿ ಮೂರು ಖಾಲಿ ಬಿಂದುಗಳಿದ್ದರೆ ನಡುವಿನದನ್ನು ಮೊದಲು ಹಿಡಿದವರ ಮಾತು ನಡೆಯುತ್ತದೆ, ಸಾಲಾಗಿ ನಾಲ್ಕಿದ್ದರೆ ಎದುರಾಳಿ ಮೊದಲು ಇಟ್ಟರೂ ಗುಂಪು ಬದುಕುತ್ತದೆ, ಅದೇ ನಾಲ್ಕು ಚೌಕವಾಗಿದ್ದರೆ ನಾವೇ ಮೊದಲು ಇಟ್ಟರೂ ಉಳಿಯುವುದಿಲ್ಲ. ಈ ಚೌಕವನ್ನು ಉಳಿಸಲು ಹೋಗಿ ನಾನು ಸೋತ ಆಟಗಳ ಲೆಕ್ಕವಿಲ್ಲ.

ವಿಜಯಪುರದಿಂದ: ಮೇಲಿನವರ ಮಾತಿಗೆ ಒಪ್ಪಿಗೆಯಿದೆ, ಆದರೆ ಸೋತ ಆಟವನ್ನು ಮತ್ತೆ ನೋಡುವ ಕೆಲಸವನ್ನು ಅವರು ಬಿಟ್ಟಿದ್ದಾರೆ. 2016ರಲ್ಲಿ ಆಲ್ಫಾಗೋ ಎಂಬ ಕಂಪ್ಯೂಟರ್ ತಂತ್ರಾಂಶ ದಕ್ಷಿಣ ಕೊರಿಯಾದ ಗೋ ದಿಗ್ಗಜ ಲೀ ಸೆಡೋಲ್ ಅವರನ್ನು 4-1ರಿಂದ ಸೋಲಿಸಿದ ಮೇಲೆ ಅಂಥ ಬಲದ ತಂತ್ರಾಂಶಗಳು ಎಲ್ಲರಿಗೂ ದೊರೆತಿವೆ. ಅವುಗಳಲ್ಲಿ ಒಂದಾದ ಕಟಾಗೋ ಉಚಿತವಾಗಿಯೇ ಸಿಗುತ್ತದೆ. ಆದರೆ ಅದು ಒಳ್ಳೆಯ ನಡೆಯನ್ನೂ ಗೆಲುವಿನ ಶೇಕಡಾವಾರನ್ನೂ ತೋರಿಸುತ್ತದೆಯೇ ಹೊರತು ಕಾರಣವನ್ನು ಬಿಡಿಸಿ ಹೇಳುವುದಿಲ್ಲ. ಆದ್ದರಿಂದ ಆಟ ಮುಗಿದ ಮೇಲೆ ನಾನು ಮೊದಲು ಅದನ್ನು ನೆನಪಿನಿಂದ ಮತ್ತೆ ಹೂಡಿ, ನಡೆ ಇಡುವಾಗ ನನಗೆ ಅನುಮಾನವಿದ್ದ ಮೂರು ಜಾಗಗಳನ್ನು ಬರೆದಿಟ್ಟುಕೊಂಡು, ಆ ಮೂರನ್ನಷ್ಟೇ ಕಟಾಗೋದಲ್ಲಿ ನೋಡುತ್ತೇನೆ. ಇದಕ್ಕೆ ದುಬಾರಿ ಹಲಗೆ ಬೇಕಿಲ್ಲ; ನಮ್ಮ ಮನೆಯದು ರಟ್ಟಿನ ಮೇಲೆ ಗೆರೆ ಎಳೆದದ್ದು, ಕಪ್ಪಿಗೆ ಹುಣಸೆ ಬೀಜ, ಬಿಳಿಗೆ ಅವರೆ ಕಾಳು.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದಗಳು. ಅಭ್ಯಾಸಕ್ಕೆ 9 ಗೆರೆಯ ಚಿಕ್ಕ ಹಲಗೆ ಸಾಕಾಗುವುದೇ?

ವಿಜಯಪುರದಿಂದ: ಕಾದಾಟ ಕಲಿಯಲು ಸಾಕು ಸರ್, ಏಕೆಂದರೆ 81 ಬಿಂದುಗಳಲ್ಲಿ ಮೊದಲ ಕೆಲವು ನಡೆಗಳಲ್ಲೇ ಕಲ್ಲುಗಳು ಮುಖಾಮುಖಿಯಾಗುತ್ತವೆ. ಆದರೆ ಒಂದು ಮೂಲೆಯ ಜಗಳವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದು ಕಡೆಯ ದೊಡ್ಡ ಜಾಗ ಹಿಡಿಯುವುದನ್ನು ಕಲಿಯಲು 361 ಬಿಂದುಗಳ ಹಲಗೆಯೇ ಬೇಕು. ನಾನು ವಾರದ ದಿನಗಳಲ್ಲಿ ಚಿಕ್ಕದನ್ನೂ ಭಾನುವಾರ ದೊಡ್ಡದನ್ನೂ ಆಡುತ್ತೇನೆ.