ಮಕ್ಕಳಿನ್ನೂ ಚಿಕ್ಕವು, ಓಡಿ ಅಭ್ಯಾಸವೇ ಇಲ್ಲ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ವಯಸ್ಸು 34. ದೊಡ್ಡವಳಿಗೆ ನಾಲ್ಕು ವರ್ಷ, ಚಿಕ್ಕವನಿಗೆ ಹತ್ತು ತಿಂಗಳು. ಎರಡನೆಯದು ಸಿಸೇರಿಯನ್, ಅವನಿನ್ನೂ ಎದೆಹಾಲು ಬಿಟ್ಟಿಲ್ಲ. ಆಟೋಟಕ್ಕೂ ನನಗೂ ಯಾವತ್ತೂ ಆಗಿಬಂದಿಲ್ಲ. ನಿಲ್ಲದೆ ಐದು ಕಿಲೋಮೀಟರ್ ಓಡುವಷ್ಟಾದರೆ ಸಾಕು ಅಂತ ಆಸೆ. ಆದರೆ ಒಂದು ನಿಮಿಷ ಓಡಿದರೆ ಏದುಸಿರು ಬರುತ್ತೆ. ಬೆಳಿಗ್ಗೆ ಅರ್ಧ ಗಂಟೆ ಬಿಡುವು ಸಿಕ್ಕರೆ ಹೆಚ್ಚು. ಊರು ಮೈಸೂರು. ಬಲ್ಲವರು ದಯವಿಟ್ಟು ಹೇಳಿ.

ಓಟದ ತರಬೇತುದಾರ, ಬೆಂಗಳೂರು:
ಒಂದು ನಿಮಿಷಕ್ಕೇ ಏದುಸಿರು ಬರ್ತಿದೆ ಅಂದ್ರೆ ತುಂಬ ಜೋರಾಗಿ ಓಡ್ತಿದ್ದೀರಿ, ಅಷ್ಟೇ. ಅಭ್ಯಾಸ ಇಲ್ಲದವರೆಲ್ಲ ಹೊರಟ ಬಸ್ಸು ಹಿಡಿಯೋರ ಹಾಗೆ ಓಡ್ತಾರೆ. ನಿಮ್ಮ ವೇಗ ಹೇಗಿರಬೇಕು ಅಂದ್ರೆ, ಬಿರುಸಾಗಿ ನಡೆಯುವವರು ಯಾರಾದರೂ ಪಕ್ಕದಲ್ಲಿ ಬಂದರೆ ನಿಮ್ಮನ್ನು ದಾಟಿಕೊಂಡು ಹೋಗಬೇಕು. ಓಡುತ್ತಲೇ ಹನ್ನೆರಡರ ಮಗ್ಗಿ ಹೇಳಿ ನೋಡಿ. ಒಂದು ಸಾಲು ಹೇಳಿ ಮುಗಿಸೋ ಮೊದಲೇ ಉಸಿರು ಎಳೆದುಕೊಳ್ಳಬೇಕಾಯ್ತಾ? ಹಾಗಾದರೆ ಇನ್ನೂ ನಿಧಾನ ಮಾಡಿ. ನಾಚಿಕೆ ಆಗುವಷ್ಟು ನಿಧಾನ ಅನ್ನಿಸಿದರೆ ಅದೇ ಸರಿಯಾದ ವೇಗ.

ಹೆಜ್ಜೆ ಚಿಕ್ಕದಿರಲಿ. ಕಾಲು ಚಾಚಿ ಮುಂದಕ್ಕೆ ಹಾಕಿದರೆ ಹಿಮ್ಮಡಿ ನೆಲಕ್ಕೆ ಬ್ರೇಕ್ ಹಾಕಿದ ಹಾಗೆ ಬೀಳುತ್ತೆ, ಪೆಟ್ಟು ನೇರ ಮಂಡಿಗೆ. ಪಾದ ಸೊಂಟದ ಕೆಳಗೇ ಬೀಳಬೇಕು, ಸದ್ದು ಕಡಿಮೆ ಇರಬೇಕು. ನಿಮ್ಮ ಹೆಜ್ಜೆಯ ‘ಧಪ್ ಧಪ್’ ನಿಮಗೇ ಜೋರಾಗಿ ಕೇಳ್ತಿದ್ದರೆ ಹೆಜ್ಜೆ ಉದ್ದ ಆಗಿದೆ ಅಂತ ತಿಳ್ಕೊಳ್ಳಿ.

ಕ್ರಮ ಅಂದ್ರೆ ‘ಕೌಚ್ ಟು 5ಕೆ’ (ಸೋಫಾದಿಂದ ಐದು ಕಿಲೋಮೀಟರಿಗೆ) ಅನ್ನೋ ಯೋಜನೆ ಸಾಕು. ಅಮೆರಿಕದ ಜೋಶ್ ಕ್ಲಾರ್ಕ್ 1996ರಲ್ಲಿ ಮಾಡಿದ್ದು, ಅದೂ ಓಡಿ ಗೊತ್ತಿಲ್ಲದ ತನ್ನ ತಾಯಿಗಾಗಿ. ವಾರಕ್ಕೆ ಮೂರೇ ದಿನ, ನಡುವೆ ಒಂದೊಂದು ದಿನ ಬಿಡುವು. ಮೊದಲು ಐದು ನಿಮಿಷ ಬಿರುಸಿನ ನಡಿಗೆ. ಆಮೇಲೆ ಮೊದಲ ವಾರದಲ್ಲಿ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೆ 20 ನಿಮಿಷ. ಎರಡನೇ ವಾರ 90 ಸೆಕೆಂಡ್ ಓಟ, 2 ನಿಮಿಷ ನಡಿಗೆ. ಮೂರನೇ ವಾರ ಮೊದಲ ಸಲ 3 ನಿಮಿಷದ ಓಟ ಬರುತ್ತೆ, ನಾಲ್ಕನೇ ವಾರ 5 ನಿಮಿಷದ್ದು. ಐದನೇ ವಾರದ ಮೂರನೇ ದಿನ ಒಂದೇ ಸಮನೆ 20 ನಿಮಿಷ. ಬಹಳ ಜನ ಕೈಬಿಡೋದು ಅಲ್ಲೇ.

ಪೂರ್ತಿ ಯೋಜನೆ ಒಂಬತ್ತು ವಾರದ್ದು. ನಿಮಗೆ ಹದಿನಾಲ್ಕರಿಂದ ಹದಿನಾರು ಅಂತ ಇಟ್ಕೊಳ್ಳಿ, ಕಷ್ಟ ಅನ್ನಿಸಿದ ವಾರಗಳನ್ನು ಎರಡೆರಡು ಸಲ ಮಾಡಿ. ಕಾರಣ ಏನಂದ್ರೆ, ಹೃದಯ ಮತ್ತು ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತವೆ, ಎಲುಬು ಮತ್ತು ಸ್ನಾಯುರಜ್ಜು ಪಳಗೋಕೆ ತಿಂಗಳುಗಟ್ಟಲೆ ಬೇಕು. ‘ಅರೆ, ಈಗ ಉಸಿರೇ ಕಟ್ತಿಲ್ಲವಲ್ಲ’ ಅಂತ ಖುಷಿಯಾಗಿ ದಿನಾ ಓಡೋಕೆ ಹೋದ ವಾರವೇ ಕಾಲು ನೋವು ಶುರುವಾಗೋದು.

ಇನ್ನೊಂದು ಲೆಕ್ಕ. ಆ ಯೋಜನೆ 30 ನಿಮಿಷದ ಓಟಕ್ಕೆ ಮುಗಿಯುತ್ತೆ. ಕಿಲೋಮೀಟರಿಗೆ 8 ನಿಮಿಷ ತಗೊಳ್ಳೋರು ಅಷ್ಟರಲ್ಲಿ ಮೂರೂ ಮುಕ್ಕಾಲು ಕಿಲೋಮೀಟರ್ ಓಡಿರ್ತಾರೆ. ಐದಕ್ಕೆ 40 ನಿಮಿಷ ಬೇಕು. ಆ ಯೋಜನೆಯ ಆಪ್ ‘ಮುಗೀತು’ ಅಂತ ಅಭಿನಂದಿಸಿದ ದಿನ ದೂರ ಇನ್ನೂ ಉಳಿದಿದೆ ಅಂತ ಬೇಜಾರಾಗಬೇಡಿ.

ಫಿಸಿಯೋಥೆರಪಿಸ್ಟ್, ಮೈಸೂರು:
ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಅದಕ್ಕೂ ಮೊದಲಿನದೊಂದು ಮೆಟ್ಟಿಲಿದೆ. ಓಡುವಾಗ ಪ್ರತಿ ಹೆಜ್ಜೆಗೂ ಮೈತೂಕದ ಎರಡರಿಂದ ಮೂರು ಪಟ್ಟು ಭಾರ ಬೀಳುತ್ತದೆ. ಅದನ್ನು ಒಳಗಿನಿಂದ ಹಿಡಿದುಕೊಳ್ಳುವುದು ಹೊಟ್ಟೆಯ ಸ್ನಾಯು ಮತ್ತು ಪೆಲ್ವಿಕ್ ಫ್ಲೋರ್, ಅಂದರೆ ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಹೊತ್ತಿರುವ ಸ್ನಾಯುಗಳ ಪದರ. ಸಿಸೇರಿಯನ್ ಆದವರಿಗೆ ಈ ಪದರದ ಚಿಂತೆ ಬೇಡ ಎಂಬುದು ತಪ್ಪು ತಿಳಿವಳಿಕೆ. ಒಂಬತ್ತು ತಿಂಗಳು ಭಾರ ಹೊತ್ತದ್ದು ಅದೇ ಪದರ.

ಬ್ರಿಟನ್ನಿನ ಮೂವರು ಫಿಸಿಯೋಥೆರಪಿಸ್ಟ್‌ಗಳು 2019ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಹೆರಿಗೆಯಾಗಿ ಕನಿಷ್ಠ ಮೂರು ತಿಂಗಳಾಗದೆ ಓಟ ಬೇಡ. ನಿಮಗೆ ಹತ್ತಾಗಿದೆ, ಸರಿ. ಆದರೆ ತಿಂಗಳ ಲೆಕ್ಕವೊಂದೇ ಸಾಲದು. ಅದೇ ಮಾರ್ಗಸೂಚಿಯಲ್ಲಿರುವ ಈ ಪರೀಕ್ಷೆಗಳನ್ನು ಮನೆಯಲ್ಲೇ ಮಾಡಿ: 30 ನಿಮಿಷ ನಡಿಗೆ, ಒಂಟಿಕಾಲಲ್ಲಿ 10 ಸೆಕೆಂಡ್ ನಿಲ್ಲುವುದು, ಒಂಟಿಕಾಲಲ್ಲಿ ಅರ್ಧ ಬೈಠಕ್ 10 ಸಲ, ನಿಂತಲ್ಲೇ ಒಂದು ನಿಮಿಷ ಜಾಗಿಂಗ್, ಒಂದೊಂದು ಕಾಲಲ್ಲಿ 10 ಕುಂಟು ನೆಗೆತ. ಇದರಲ್ಲಿ ಎಲ್ಲಾದರೂ ಮೂತ್ರ ಸೋರಿದರೆ, ಯೋನಿಯಲ್ಲಿ ಏನೋ ಕೆಳಗೆ ಜಗ್ಗಿದಂತೆ ಭಾರವೆನಿಸಿದರೆ, ಹೊಲಿಗೆಯ ಜಾಗ ಅಥವಾ ಸೊಂಟ ನೋವಾದರೆ ಓಟವನ್ನು ಸದ್ಯಕ್ಕೆ ಬದಿಗಿಟ್ಟು ಸ್ತ್ರೀರೋಗ ತಜ್ಞರನ್ನೋ ಪೆಲ್ವಿಕ್ ಫ್ಲೋರ್ ಬಲ್ಲ ಫಿಸಿಯೋವನ್ನೋ ಕಾಣಿ. ‘ಮಕ್ಕಳಾದ ಮೇಲೆ ಸೋರೋದು ಇದ್ದದ್ದೇ’ ಎಂದು ಪ್ಯಾಡ್ ಹಾಕಿಕೊಂಡು ಓಡುವವರು ಬಹಳ. ಅದು ಸಾಮಾನ್ಯ ಹೌದು, ಆದರೆ ಚಿಕಿತ್ಸೆ ಇರುವ ತೊಂದರೆ.

ಹೊಟ್ಟೆಯನ್ನೂ ನೋಡಿಕೊಳ್ಳಿ. ಅಂಗಾತ ಮಲಗಿ ಮಂಡಿ ಮಡಚಿ, ತಲೆ ಸ್ವಲ್ಪ ಎತ್ತಿ ಹೊಕ್ಕುಳ ಬಳಿ ಬೆರಳು ಅಡ್ಡಡ್ಡ ಇಟ್ಟು ಒತ್ತಿ. ಎಡಬಲದ ಹೊಟ್ಟೆ ಸ್ನಾಯುಗಳ ನಡುವಿನ ಸಂದು ಎರಡು ಬೆರಳಿಗಿಂತ ಅಗಲವಿದ್ದರೆ ಅಥವಾ ನಡುಗೆರೆ ಗುಡ್ಡದಂತೆ ಉಬ್ಬಿದರೆ ಸಿಟ್‌ಅಪ್ ಮಾಡಬೇಡಿ, ತೋರಿಸಿಕೊಳ್ಳಿ.

ಪೆಲ್ವಿಕ್ ಫ್ಲೋರ್ ವ್ಯಾಯಾಮವನ್ನು ಹೆಚ್ಚಿನವರು ತಪ್ಪಾಗಿ ಮಾಡುತ್ತಾರೆ. ಗಾಳಿ ಹೋಗದಂತೆ ತಡೆಯುವಾಗ ಹಿಂದೆ ಬಿಗಿಯಾಗುತ್ತದಲ್ಲ, ಆ ಬಿಗಿತವನ್ನು ಮುಂದಿನವರೆಗೂ ತಂದು ಮೇಲಕ್ಕೆ ಎಳೆದುಕೊಳ್ಳಬೇಕು. ತೊಡೆ, ಪೃಷ್ಠ ಬಿಗಿಯಬಾರದು, ಉಸಿರು ಹಿಡಿಯಬಾರದು. 10 ಸೆಕೆಂಡ್ ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲಿಸಿ. ಹೀಗೆ 10 ಸಲ. ಆಮೇಲೆ ಚಕಚಕನೆ 10 ಸಲ. ದಿನಕ್ಕೆ ಮೂರು ಬಾರಿ, ಹಾಲು ಕುಡಿಸುವಾಗ ಮಾಡಿದರೆ ಮರೆಯುವುದಿಲ್ಲ. ಮೊದಮೊದಲು ಮೂರು ಸೆಕೆಂಡಿಗೇ ಜಾರಿದರೂ ಪರವಾಗಿಲ್ಲ. ಮೂತ್ರ ಮಾಡುವಾಗ ಮಧ್ಯೆ ತಡೆದು ಅಭ್ಯಾಸ ಮಾಡುವುದು ಬೇಡ, ಮೂತ್ರಕೋಶ ಪೂರ್ತಿ ಖಾಲಿಯಾಗದೆ ಸೋಂಕಿಗೆ ದಾರಿ. ಫಲ ಕಾಣಲು ಮೂರು ತಿಂಗಳು ಬೇಕು.

ಓಡದ ದಿನಗಳಲ್ಲಿ ಹತ್ತು ನಿಮಿಷ ಮೀನಖಂಡಕ್ಕೆ ಕೊಡಿ. ಅಡುಗೆಕಟ್ಟೆ ಹಿಡಿದು ಒಂಟಿಕಾಲಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು. ಗುರಿ ಒಂದೊಂದು ಕಾಲಿಗೆ 20.

ಇಬ್ಬರು ಮಕ್ಕಳ ತಾಯಿ, ಹುಬ್ಬಳ್ಳಿ:
ಎಲ್ಲಾ ಖರೆ, ಆದ್ರ ಓಟ ನಿಲ್ಲೂದು ಕಾಲಿಗಾಗಿ ಅಲ್ರಿ, ಮನಿ ಕೆಲಸಕ್ಕಾಗಿ. ‘ಪುರುಸೊತ್ತು ಸಿಕ್ಕಾಗ ಓಡ್ತೀನಿ’ ಅಂದ್ರ ಪುರುಸೊತ್ತು ಸಿಗಂಗೇ ಇಲ್ಲ. ಮಂಗಳವಾರ, ಗುರುವಾರ, ಭಾನುವಾರ ಅಂತ ಮನ್ಯಾಗ ಮೊದಲ ಹೇಳಿಬಿಡ್ರಿ, ಆ ಅರ್ಧ ತಾಸು ಮಕ್ಕಳು ಯಾರ ಪಾಲಿಗೆ ಅನ್ನೂದನ್ನೂ ಹೆಸರಿಟ್ಟು ಹೇಳ್ರಿ. ‘ಯಾರಾದ್ರೂ ನೋಡ್ಕೋರಿ’ ಅಂದ್ರ ಯಾರೂ ನೋಡಂಗಿಲ್ಲ. ಹಿಂದಿನ ರಾತ್ರೀನೇ ಓಡೂ ಬಟ್ಟಿ, ಶೂ, ಕಾಲುಚೀಲ, ಕೀಲಿ ಬಾಗಲ ಹತ್ರ ಇಡ್ರಿ. ಮುಂಜಾನೆ ಕಪಾಟು ತೆಗೆದ ಸಪ್ಪಳಕ್ಕ ಕೂಸು ಏಳ್ತದ.

ಮತ್ತ, ಕಾಲುಂಗುರ. ಇದನ್ನ ಯಾವ ಆಪ್‌ನೂ ಹೇಳಂಗಿಲ್ಲ. ಶೂ ಒಳಗ ಪಕ್ಕದ ಬೆರಳಿಗೆ ತಿಕ್ಕಿ ಬೊಬ್ಬಿ ಬರ್ತದ, ಓಡಿದಾಗ ಬೆರಳು ಬಾಯ್ತದ, ಉಂಗುರ ಬಿಗೀತದ. ತೆಗೆಯೂದಾದ್ರ ತೆಗೀರಿ. ಮನ್ಯಾಗ ಒಪ್ಪಂಗಿಲ್ಲ ಅಂದ್ರ ಸುರುಳಿ ಇಲ್ಲದ, ತೆಳುವಾದ, ತುದಿ ಕೂಡದ ಉಂಗುರ ಹಾಕ್ಕೊಂಡು ಮ್ಯಾಲೆ ಗಾಯಕ್ಕ ಅಂಟಿಸೂ ಮೈಕ್ರೋಪೋರ್ ಪಟ್ಟಿ ಎರಡು ಸುತ್ತು ಸುತ್ತರಿ. ತಾಳಿ ಸರ ಉದ್ದ ಇದ್ರ ಒಳಗ ಹಾಕಿ ಪಿನ್ ಮಾಡ್ರಿ. ಚೂಡಿದಾರದಾಗ ಓಡೂದಿದ್ರ ವೇಲ್ ಮನ್ಯಾಗ ಬಿಡ್ರಿ, ಪ್ಯಾಂಟಿನ ಕಾಲು ಗಿಡ್ಡ ಇರ್ಲಿ. ಸಿಸೇರಿಯನ್ ಆದವರಿಗೆ ಸೊಂಟದ ಪಟ್ಟಿ ಹೊಕ್ಕುಳ ಮ್ಯಾಲೆ ಬರೂವಂಥಾ ಪ್ಯಾಂಟ್ ಚಲೋ, ಹೊಲಿಗಿ ಗಾಯಕ್ಕ ತಿಕ್ಕಂಗಿಲ್ಲ.

ಕ್ರೀಡಾ ಸಾಮಗ್ರಿ ಅಂಗಡಿಯಲ್ಲಿ ಕೆಲಸ, ಬೆಂಗಳೂರು:
ಹಣ ಹಾಕಬೇಕಾದ್ದು ಎರಡೇ ವಸ್ತುವಿಗೆ, ಶೂ ಮತ್ತು ಸ್ಪೋರ್ಟ್ಸ್ ಬ್ರಾ. ವಾಚು, ಬೆಲ್ಟು, ಎನರ್ಜಿ ಜೆಲ್ ಯಾವುದೂ ಐದು ಕಿಲೋಮೀಟರಿಗೆ ಬೇಡ.

ಶೂ ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತೆ. ಬಸಿರಿನಲ್ಲಿ ಕೆಲವರ ಪಾದ ಅರ್ಧ ಸೈಜ್ ದೊಡ್ಡದಾಗಿ ಹಾಗೇ ಉಳಿಯುತ್ತೆ, ಅದಕ್ಕೇ ಹಳೇ ನಂಬರ್ ನಂಬಬೇಡಿ, ಎರಡೂ ಪಾದ ಅಳೆಸಿ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಇರಬೇಕು. ಹಿಮ್ಮಡಿ ಜಾರ್ತಿದ್ದರೆ ಚಿಕ್ಕ ಸೈಜಿಗೆ ಹೋಗಬೇಡಿ. ಮೇಲ್ಗಡೆ ಸುಮ್ಮನೆ ಬಿಟ್ಟಿರೋ ಒಂದು ಹೆಚ್ಚಿನ ತೂತಿದೆಯಲ್ಲ, ಅದಕ್ಕೂ ಲೇಸ್ ಪೋಣಿಸಿದರೆ ಗಟ್ಟಿ ಕೂರುತ್ತೆ. ಮೂರರಿಂದ ನಾಲ್ಕು ಸಾವಿರಕ್ಕೆ ಒಳ್ಳೇದು ಬರುತ್ತೆ. 500ರಿಂದ 800 ಕಿಲೋಮೀಟರ್ ಬಾಳಿಕೆ. ನಿಮ್ಮ ಓಟಕ್ಕೆ ವರ್ಷ ಧಾರಾಳ, ಅದನ್ನೇ ಮಾರ್ಕೆಟ್ಟಿಗೂ ಹಾಕ್ಕೊಂಡು ತಿರುಗದಿದ್ದರೆ.

ಬ್ರಾದಲ್ಲಿ ಆಧಾರ ಕೊಡೋದು ಕೆಳಗಿನ ಪಟ್ಟಿ, ಭುಜದ ಪಟ್ಟಿ ಅಲ್ಲ. ಕೆಳಪಟ್ಟಿಯೊಳಗೆ ಎರಡು ಬೆರಳು ಹೋಗಬೇಕು, ಮುಷ್ಟಿ ಹೋಗಬಾರದು. ಕೈ ಎತ್ತಿದಾಗ ಪಟ್ಟಿ ಮೇಲೇರಿದರೆ ಅದು ದೊಡ್ಡದು. ಟ್ರಯಲ್ ರೂಮಿನಲ್ಲಿ ಹತ್ತು ಸಲ ಕುಪ್ಪಳಿಸಿ ನೋಡಿ, ಯಾರೂ ಏನೂ ಅಂದ್ಕೊಳ್ಳಲ್ಲ. ಹಾಲು ಕುಡಿಸೋರು ಮುಂಭಾಗದಲ್ಲಿ ಜಿಪ್ ಅಥವಾ ಹುಕ್ ಇರೋದನ್ನು ನೋಡಿ. ಓಡಿ ಬಂದ ತಕ್ಷಣ ಬಿಚ್ಚಿ. ಬಿಗಿ ಬ್ರಾ ದಿನವಿಡೀ ಇದ್ದರೆ ಹಾಲಿನ ನಾಳ ಕಟ್ಟಿ ಗಡ್ಡೆಯಾಗಬಹುದು.

ಡಯಟೀಷಿಯನ್, ಮಂಗಳೂರು:
ಓಡಲು ಶುರು ಮಾಡುವ ಮೊದಲು ಒಂದು ರಕ್ತಪರೀಕ್ಷೆ ಮಾಡಿಸಿ: ಹಿಮೋಗ್ಲೋಬಿನ್ ಮತ್ತು ಫೆರಿಟಿನ್ (ದೇಹ ಕೂಡಿಟ್ಟ ಕಬ್ಬಿಣದ ಅಳತೆ). 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49ರ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ಎಷ್ಟು ನಿಧಾನ ಓಡಿದರೂ ಏದುಸಿರು ಬಿಡದಿರಬಹುದು, ಮೆಟ್ಟಿಲು ಹತ್ತಿದರೂ ಎದೆ ಹೊಡೆದುಕೊಳ್ಳಬಹುದು. ತರಬೇತಿಯಿಂದ ಸರಿಹೋಗುವ ವಿಷಯವಲ್ಲ ಇದು. ವೈದ್ಯರು ಕಬ್ಬಿಣದ ಮಾತ್ರೆ ಕೊಟ್ಟರೆ ಕಾಫಿ, ಟೀ, ಹಾಲಿನ ಜೊತೆ ನುಂಗಬೇಡಿ, ಹೀರಿಕೆ ಕಡಿಮೆಯಾಗುತ್ತದೆ. ಒಂದು ಗಂಟೆ ಅಂತರವಿರಲಿ. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ, ಒಳ್ಳೆಯದು.

ಬೆಳಿಗ್ಗೆ ಅರ್ಧ ಗಂಟೆಯ ಓಟಕ್ಕೆ ಖಾಲಿ ಹೊಟ್ಟೆಯಾದರೂ ನಡೆದೀತು, ಆದರೆ ರಾತ್ರಿ ಹಾಲು ಕುಡಿಸಿದವರಿಗೆ ತಲೆ ತಿರುಗಬಹುದು. ಒಂದು ಬಾಳೆಹಣ್ಣು, ಒಂದು ಲೋಟ ನೀರು ಸಾಕು. ಬಂದ ಮೇಲೆ ಇಡ್ಲಿ ಸಾಂಬಾರೋ, ರಾಗಿ ಗಂಜಿಯ ಜೊತೆ ಮೊಟ್ಟೆಯೋ, ಏನಾದರೂ ಸರಿ, ‘ಎಲ್ಲರ ತಿಂಡಿ ಮುಗಿಯಲಿ’ ಎಂದು ಹತ್ತು ಗಂಟೆವರೆಗೆ ಕಾಯಬೇಡಿ. ಎದೆಹಾಲು ಉತ್ಪಾದನೆಗೇ ದಿನಕ್ಕೆ ಸುಮಾರು 500 ಕ್ಯಾಲೊರಿ ಹೋಗುತ್ತದೆ, ಅದರ ಮೇಲೆ ಓಟ. ತೂಕ ಇಳಿಸಲೆಂದು ಊಟವನ್ನೂ ಕಡಿತ ಮಾಡಿದರೆ ಎಲುಬು ಸೋಲಬಹುದು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಓಡಿ ಬಂದ ಮೇಲೆ ಹಾಲು ಹುಳಿಯಾಗುತ್ತೆ, ಕೊಡಬಾರದು ಅಂತ ಅತ್ತೆ ಹೇಳ್ತಾರೆ. ನಿಜವೇ? ಮತ್ತೆ, ಕುಕ್ಕರಹಳ್ಳಿ ಕೆರೆ ಸರೀನಾ, ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದರೆ ಬೇಗ ಶಕ್ತಿ ಬರುತ್ತಾ?

ಫಿಸಿಯೋಥೆರಪಿಸ್ಟ್, ಮೈಸೂರು:
ಮಾತನಾಡಿಕೊಂಡು ಓಡುವ ವೇಗದಲ್ಲಿ ಹಾಲಿಗೆ ಏನೂ ಆಗುವುದಿಲ್ಲ. ಎದೆಯ ಬೆವರು ಉಪ್ಪಾಗಿ ಮಗು ಮುಖ ತಿರುಗಿಸಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡು ಕೊಡಿ. ಓಡುವ ಮುಂಚೆ ಕುಡಿಸಿ ಹೋಗುವುದು ನಿಮಗೇ ಹಗುರ. ಅತ್ತೆಯವರ ಹತ್ತಿರ ವಾದ ಬೇಡ, ಮಕ್ಕಳ ಡಾಕ್ಟರ ಬಾಯಲ್ಲಿ ಹೇಳಿಸಿ.

ಬೆಟ್ಟದ ಮೆಟ್ಟಿಲು ಈಗಲೇ ಬೇಡ. ಹತ್ತುವುದಕ್ಕಿಂತ ಇಳಿಯುವಾಗ ಮಂಡಿಗೆ ಪೆಟ್ಟು.

ಬೆಳಗಿನ ಓಟಗಾರ, ಮೈಸೂರು:
ಕುಕ್ಕರಹಳ್ಳಿ ಚೆನ್ನಾಗಿದೆ, ಮಣ್ಣಿನ ದಾರಿ. ಆದರೆ ಪೂರ್ತಿ ಸುತ್ತು ಹೊರಡಬೇಡಿ, ನಾಲ್ಕು ಕಿಲೋಮೀಟರಿಗೂ ಹೆಚ್ಚಿದೆ. ಅರ್ಧ ಸುತ್ತಿನಲ್ಲಿರುವಾಗ ‘ಮಗು ಎದ್ದಿದೆ’ ಅಂತ ಫೋನ್ ಬಂದರೆ ಯಾವ ಕಡೆಯಿಂದ ಬಂದರೂ ಎರಡು ಕಿಲೋಮೀಟರ್. ಹತ್ತು ನಿಮಿಷ ಹೋಗಿ ಅದೇ ದಾರಿಯಲ್ಲಿ ವಾಪಸ್ ಬನ್ನಿ. ಕೆರೆಗೆ ಹೋಗಿ ಬರೋಕೇ ಇಪ್ಪತ್ತು ನಿಮಿಷ ಬೇಕು ಅಂದ್ರೆ ಮನೆ ಸುತ್ತಲಿನ ಬೀದಿಯೇ ಮೇಲು. ಮಳೆಗಾಲದಲ್ಲಿ ಮರದ ಕೆಳಗಿನ ಕಲ್ಲುಹಾಸು ಪಾಚಿ ಕಟ್ಟಿರುತ್ತೆ, ಅಲ್ಲಿ ಓಡದೆ ನಡೆಯಿರಿ.

ಬೀದಿನಾಯಿ ಅಟ್ಟಿಸಿಕೊಂಡು ಬಂದರೆ ಓಟ ನಿಲ್ಲಿಸಿ. ಕಣ್ಣಲ್ಲಿ ಕಣ್ಣಿಡದೆ, ಬೆನ್ನು ತೋರಿಸದೆ ನಿಧಾನ ಹಿಂದೆ ಸರಿಯಿರಿ. ಕಚ್ಚಿದರೆ, ಪರಚಿದರೂ ಸರಿ, ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ.

ಓಟದ ತರಬೇತುದಾರ, ಬೆಂಗಳೂರು:
ನೋವಿನ ವಿಷಯ ಬಿಟ್ಟುಹೋಗಿತ್ತು. ಮಾರನೇ ದಿನ ತೊಡೆ, ಮೀನಖಂಡ ಎರಡೂ ಕಡೆ ಸಮನಾಗಿ ಹಿಡಿದುಕೊಂಡಿದ್ದರೆ ಅದು ಸಹಜ, ಎರಡು ದಿನದಲ್ಲಿ ಹೋಗುತ್ತೆ. ಮಂಡಿಯ ಕೆಳಗೆ, ಕಾಲಿನ ಒಳಬದಿಯ ಎಲುಬಿನ ಉದ್ದಕ್ಕೂ ನೋವಿದ್ದರೆ ಒಂದು ವಾರ ಓಟ ಬಿಟ್ಟು ಬರೀ ನಡೆಯಿರಿ, ಆಮೇಲೆ ಯೋಜನೆಯಲ್ಲಿ ಎರಡು ವಾರದಷ್ಟು ಹಿಂದಿನ ಹಂತದಿಂದ ಶುರು ಮಾಡಿ. ನೋವು ಒಂದೇ ಜಾಗದಲ್ಲಿ, ಬೆರಳ ತುದಿಯಿಂದ ತೋರಿಸುವಷ್ಟು ಚಿಕ್ಕದಾಗಿದ್ದು, ಮಲಗಿದಾಗಲೂ ಇದ್ದರೆ ಎಲುಬು ಸೀಳಿರಬಹುದು, ಮೂಳೆ ಡಾಕ್ಟರಿಗೆ ತೋರಿಸಿ. ಮಗುವಿಗೆ ಜ್ವರ, ರಾತ್ರಿಯೆಲ್ಲ ನಿದ್ದೆ ಇಲ್ಲ ಅನ್ನೋ ದಿನ ಓಟ ಬೇಡ, ನಡಿಗೆ ಸಾಕು. ಒಂದು ವಾರ ತಪ್ಪಿದರೆ ನಿಲ್ಲಿಸಿದಲ್ಲಿಂದಲೇ ಮುಂದುವರಿಸಿ, ಎರಡು ವಾರ ತಪ್ಪಿದರೆ ಒಂದು ಹಂತ ಹಿಂದೆ ಹೋಗಿ.